ಬೋರ್ಡಿಗೇರಿದ ನನ್ನ ಹಲ್ಲು

ಕಡೂರು ತಾಲ್ಲೂಕಿನಲ್ಲಿ ಬಾಯಲ್ಲಿ ಕಚ್ಚಿ ತೆಂಗಿನಕಾಯಿ ಸುಲಿದ ಗಂಡಸು ಒಬ್ಬನೇ, ಅದು ನಾನು. ಸುಳ್ಳು ಅನ್ನೋರು ಎದ್ದು ನಿಂತು ಹೇಳಿ, ನೋಡೋಣ. ಸಾಕ್ಷಿಗೆ ನಮ್ಮೂರೇ ಇದೆ. ಎಮ್ಮೆದೊಡ್ಡಿ ಕಾವಲಿನ ಪಕ್ಕದ ಹಳ್ಳಿ ನಮ್ಮದು. ಹುಟ್ಟಿದಾಗಿನಿಂದ ಇಟ್ಟಿಗೆ ಪುಡಿಯಲ್ಲಿ ಉಜ್ಜಿದ ಹಲ್ಲು. ಇಂಥವನಿಗೆ ಸಿಕ್ಕಿದ ಕೆಲಸ ಹಲ್ಲಿನ ಡಾಕ್ಟ್ರ ವ್ಯಾನು ಓಡಿಸೋದು. ನಮ್ಮ ಡಾಕ್ಟ್ರಮ್ಮನ ಆಸ್ಪತ್ರೆ ಕಡೂರಲ್ಲಿ. ಆಗಾಗ ತರೀಕೆರೆ, ಅಜ್ಜಂಪುರದ ಕಡೆ ಉಚಿತ ಶಿಬಿರ. ವ್ಯಾನು ನಂದು, ಮೈಕು ನಂದು, ಸಾಲು ನಿಲ್ಲಿಸೋದು ನಂದು. ಹಲ್ಲು ಕೀಳೋದೊಂದು ಅವರದ್ದು. ಬಂದವರೆಲ್ಲ ಬಾಯಿ ತೆಗೆಯಲೇಬೇಕಾದ ಜಾಗ ಅಂದಮೇಲೆ ನಗೋದಕ್ಕೇನು ಬರ? ಒಂದಲ್ಲ ಒಂದು ನಡೀತಲೇ ಇರುತ್ತೆ.

ಡಾಕ್ಟ್ರಮ್ಮ ಒಂದು ದಿನ, "ಆಸ್ಪತ್ರೆ ಮುಂದೆ ದೊಡ್ಡ ಬೋರ್ಡು ಹಾಕಿಸ್ತೀನಿ. ಎಲ್ಲಿಂದಲೋ ತಂದ ಚಿತ್ರ ಬೇಡ, ನಮ್ಮ ಕಡೆಯವರದ್ದೇ ಬಾಯಿ ಇರಲಿ" ಅಂದರು. ನಮ್ಮ ಕಡೆಯಲ್ಲಿ ನನ್ನ ಬಾಯಿ ಬಿಟ್ಟು ಇನ್ಯಾವುದಿದೆ? ಅವತ್ತಿನಿಂದ ನನ್ನ ಕಣ್ಣು ಆ ಬೋರ್ಡಿನ ಮೇಲೆ.

ಒಟ್ಟು ಕುಟುಂಬ

ಸಖರಾಯಪಟ್ಟಣದ ಕಡೆಯ ಒಂದು ದೊಡ್ಡ ಮನೆತನ ಶಿಬಿರಕ್ಕೆ ಬಂತು. ಯಜಮಾನರು, ಯಜಮಾನಿ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಅಷ್ಟೂ ಜನಕ್ಕೆ ಒಂದೇ ಥರ ವಸಡು ಊದಿತ್ತು.

"ಬ್ರಷ್ ಎಂಥದ್ದು ಉಪಯೋಗಿಸ್ತೀರಿ?" ಡಾಕ್ಟ್ರಮ್ಮ ಕೇಳಿದರು.

"ಒಳ್ಳೇದೇ ಕಣಮ್ಮ. ಬಚ್ಚಲ ಮೊಳೆಗೆ ನೇತು ಹಾಕಿದೀವಿ. ಯಾರು ಮೊದಲು ಎದ್ರೆ ಅವರು ಉಜ್ಜೋದು."

"ಎಲ್ಲಾ ಸೇರಿ ಒಂದೇನಾ? ಒಬ್ಬೊಬ್ಬರಿಗೆ ಒಂದೊಂದು ಬೇಕು ಯಜಮಾನ್ರೇ!"

ಯಜಮಾನರು ಸೊಸೆಯರ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿದರು. "ಬ್ಯಾಡಿ ತಾಯಿ. ಇವತ್ತು ಬ್ರಷ್ ಬೇರೆ ಆಗುತ್ತೆ, ನಾಳೆ ಒಲೆ ಬೇರೆ ಆಗುತ್ತೆ, ನಾಡಿದ್ದು ಖಾತೆ ಬೇರೆ ಆಗುತ್ತೆ."

ಹಿಂದೆ ನಿಂತಿದ್ದ ಕಿರಿ ಸೊಸೆ ಮೆಲ್ಲಗೆ ಕೈ ಚಾಚಿದಳು. "ನಂಗೆ ಎರಡು ಕೊಡಿ ಮೇಡಂ."

ಬಾಯಿಗೂಡಿದ ಗಂಡು

ನಮ್ಮಪ್ಪ ಹೋರಿ ವ್ಯಾಪಾರ ಬಲ್ಲವನು. ಬಾಯಿ ಬಿಡಿಸಿ ನೋಡಿದರೆ ಸಾಕು, ವಯಸ್ಸು ಹೇಳುತ್ತಾನೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಎಂಟೂ ಬಂದು ಬಾಯಿಗೂಡಿತು ಅಂತ ಲೆಕ್ಕ. ಆ ವಿದ್ಯೆ ನನಗೂ ಬಂದಿದೆ. ಡಾಕ್ಟ್ರಮ್ಮ ಐದು ವರ್ಷ ಓದಿ ಕಲಿತದ್ದನ್ನ ನಾನು ದನದ ಸಂತೆಯಲ್ಲೇ ಕಲಿತೆ.

ತರೀಕೆರೆ ಶಿಬಿರದಲ್ಲಿ ಮದುವೆ ಗೊತ್ತಾದ ಗಂಡೊಬ್ಬ ಭಾವಿ ಮಾವನ ಜೊತೆ ಬಂದಿದ್ದ. ವಯಸ್ಸು ಕೇಳಿದೆ. "ಇಪ್ಪತ್ತೆಂಟು" ಅಂದ. ಬಾಯೊಳಗೆ ಬ್ಯಾಟರಿ ಬೆಳಕು ಬಿಟ್ಟೆ. "ಏನಪ್ಪಾ, ಇದು ಬಾಯಿಗೂಡಿ ಸುಮಾರು ವರ್ಷ ಆಗಿದೆಯಲ್ಲೋ! ನಲವತ್ತಕ್ಕೆ ಕಮ್ಮಿ ಇಲ್ಲ."

ಗಂಡು ಬಾಯಿ ಮುಚ್ಚಿಕೊಂಡ. ಮಾವ ಹೆಗಲ ಮೇಲಿನ ಟವೆಲು ಸೊಂಟಕ್ಕೆ ಬಿಗಿದು ಎದ್ದರು. "ತೆಗಿಯಪ್ಪ ಬಾಯಿ. ನಾನೂ ದನ ಕಟ್ಟಿದೋನೇ. ಒಂದ್ಸಲ ನೋಡ್ಬಿಡ್ತೀನಿ."

ರಾತ್ರಿ ತಿಂಡಿ

ಅಜ್ಜಂಪುರದ ಹತ್ತಿರದ ಒಂದು ಶಾಲೆಯಲ್ಲಿ ಡಾಕ್ಟ್ರಮ್ಮ ಮಕ್ಕಳಿಗೆ ಪಾಠ ಹೇಳಿದರು: ಬೆಳಗ್ಗೆ ಒಂದು ಸಲ, ರಾತ್ರಿ ಉಂಡು ಮಲಗೋ ಮುಂಚೆ ಇನ್ನೊಂದು ಸಲ ಹಲ್ಲುಜ್ಜಬೇಕು. ಮಕ್ಕಳು ಬಾಯಿತುಂಬ "ಹೂಂ" ಅಂದವು.

ಮುಂದಿನ ಸಲ ಹೋದಾಗ ಶಾಲೆಯ ಬಾಗಿಲಲ್ಲಿ ತಾಯಂದಿರು ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಏನವ್ವಾ ಡಾಕ್ಟ್ರವ್ವಾ, ನಮ್ಮ ಹೈಕಳಿಗೆ ಏನು ಹೇಳಿಕೊಟ್ಟು ಹೋದೆ?"

"ಯಾಕ್ರೀ, ಉಜ್ಜಲ್ವಾ?"

"ಉಜ್ಜಲ್ಲ ಅಂದಿದ್ರೆ ಚೆನ್ನಾಗಿರ್ತಿತ್ತು! ಉಂಡು, ಉಜ್ಜಿ, ತಟ್ಟೆ ಹಿಡ್ಕೊಂಡು ಕೂರ್ತವೆ. 'ಹಲ್ಲುಜ್ಜಿದ್ರೆ ತಿಂಡಿ ಅಂತ ದಿನಾ ಬೆಳಗ್ಗೆ ನೀನೇ ಹೇಳ್ತೀಯಲ್ವೇನವ್ವಾ, ಉಜ್ಜಿದೀನಿ, ಕೊಡು' ಅಂತವೆ. ದಿನಾ ಎರಡು ಸಲ ರೊಟ್ಟಿ ತಟ್ಟಿ ನನ್ನ ಕೈ ಬಿದ್ದೋಯ್ತು. ಮೊದಲು ಈ ಕೈಗೆ ಔಷಧಿ ಕೊಡು!"

ಜೇಬಿನ ಹಲ್ಲು

ತರೀಕೆರೆಯ ಹಳೇ ಟೈಲರ್ ಸಾಹೇಬ್ರಿಗೆ ಡಾಕ್ಟ್ರಮ್ಮ ಪೂರ್ತಿ ಹಲ್ಲಿನ ಸೆಟ್ ಮಾಡಿಕೊಟ್ಟಿದ್ದರು. ಒಂದು ದಿನ ನೋಡಿದರೆ ಸಾಹೇಬ್ರು ಬೋಳು ಬಾಯಲ್ಲೇ ಚಕ್ಕುಲಿ ಚೀಪುತ್ತಿದ್ದಾರೆ. ಸೆಟ್ಟು ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿತ್ತು.

"ತಿನ್ನೋವಾಗಲೇ ತೆಗೆದಿಟ್ಟಿದೀರಲ್ಲ ಸಾಹೇಬ್ರೇ!" ಅಂದೆ.

ಅವರು ನನ್ನನ್ನೇ ಪಾಪ ಅನ್ನೋ ಹಾಗೆ ನೋಡಿದರು. "ಮದುವೆಗೆ ಹೊಲಿಸಿದ ಶೇರ್ವಾನಿ ಹಾಕ್ಕೊಂಡು ಯಾರಾದ್ರೂ ಬಾವಿ ತೋಡ್ತಾರೇನಪ್ಪಾ?"

ಬೋರ್ಡು

ಡಾಕ್ಟ್ರಮ್ಮ ಆಗಾಗ ನನಗೆ, "ಒಂದ್ಸಲ ಕ್ಲೀನ್ ಮಾಡಿಸ್ಕೋ ಬಾರೋ" ಅನ್ನೋರು. "ಹುಲಿಗೆ ಯಾರು ಹಲ್ಲುಜ್ಜಿಸ್ತಾರೆ ಮೇಡಂ?" ಅಂತಿದ್ದೆ. ಕೊನೆಗೊಂದು ದಿನ ಅವರೇ ಮೊಬೈಲ್ ಹಿಡಿದು ಬಂದರು.

"ಬಾಯಿ ಅಗಲ ತೆಗಿ. ಬೋರ್ಡಿಗೆ ಹಾಕ್ಲಾ?"

"ಹಾಕಿ ಮೇಡಂ, ದೊಡ್ಡದಾಗೇ ಹಾಕಿ."

"ಆಮೇಲೆ ಬೇಜಾರು ಮಾಡ್ಕೋಬಾರ್ದು."

"ಬೇಜಾರಾ? ನಂಗಾ?"

ಊರಿಗೆಲ್ಲ ಸಾರಿಬಿಟ್ಟೆ. ಬೋರ್ಡು ಏರೋ ದಿನ ಅಪ್ಪ, ದೊಡ್ಡಪ್ಪ, ಬೀದಿಯ ಅರ್ಧ ಜನ ಲಗೇಜ್ ಆಟೋದಲ್ಲಿ ಬಂದಿಳಿದರು. ಹಾರ ನಾನೇ ತಂದಿಟ್ಟಿದ್ದೆ. ಬೋರ್ಡಿಗೆ ಮುಚ್ಚಿದ್ದ ಬಟ್ಟೆ ಸರಿಸಿದರು.

ಬೋರ್ಡಿನಲ್ಲಿ ಎರಡು ಬಾಯಿ, ಬರೀ ಮೂಗಿನಿಂದ ಗದ್ದದವರೆಗೆ. ಬಲಗಡೆ 'ಚಿಕಿತ್ಸೆಯ ನಂತರ': ಟೈಲರ್ ಸಾಹೇಬ್ರ ಜೇಬಿನ ಹಲ್ಲು ಫಳಫಳ. ಎಡಗಡೆ 'ಚಿಕಿತ್ಸೆಗೆ ಮುನ್ನ': ಇಟ್ಟಿಗೆ ಬಣ್ಣ, ಬುಡಕ್ಕೆ ಪಾಚಿ, ತೆಂಗಿನಕಾಯಿ ಸುಲಿಯೋವಾಗ ಮುರಿದ ಮುಂದಿನ ಹಲ್ಲಿನ ಮೂಲೆ. ಮೇಲೆ ನನ್ನದೇ ಮೀಸೆ.

ಬೀದಿಯವರೆಲ್ಲ ಅಪ್ಪನ ಕಡೆ ತಿರುಗಿದರು. ಅಪ್ಪ ಹಣೆಗೆ ಕೈ ಅಡ್ಡ ಹಿಡಿದು, ಸಂತೆಯಲ್ಲಿ ಹೋರಿ ನೋಡೋ ಹಾಗೆ ನಿಧಾನವಾಗಿ ನೋಡಿದ.

"ಮೀಸೆ ನಮ್ಮ ಹುಡುಗಂದೇ ಕಣ್ರೋ. ಬಾಯಿ ಮಾತ್ರ ಮುದಿ ಎತ್ತಿಂದು. ಸಂತೆಗೆ ಹೊಡ್ಕೊಂಡು ಹೋದ್ರೆ ಹಗ್ಗ ಮುಟ್ಟೋರು ಸಿಗಲ್ಲ."

ಹಾರ ಸಾಹೇಬ್ರ ಕೊರಳಿಗೆ ಹೋಯ್ತು. ಅವತ್ತು ಅವರು ಹಲ್ಲು ಹಾಕಿಕೊಂಡೇ ಬಂದಿದ್ದರು.

ನನ್ನನ್ನು ಅಪ್ಪನೇ ರಟ್ಟೆ ಹಿಡಿದು ಡಾಕ್ಟ್ರಮ್ಮನ ಕುರ್ಚಿಗೆ ಕೆಡವಿದ. ಅವರು ಪಾಚಿ ಕೆರೆದರು, ಎರಡು ತೂತು ತುಂಬಿದರು, ಇಟ್ಟಿಗೆ ಪುಡಿ, ತೆಂಗಿನಕಾಯಿ ಎರಡೂ ಬಂದ್ ಅಂದರು. "ನಿನ್ನ ಕೈ ಬಿರುಸು. ಮೆತ್ತಗಿನ ಬ್ರಷ್ಷೇ ಬೇಕು" ಅಂತ ಒಳಗೆ ಹುಡುಕಲು ಹೋದರು.

ಈಗಲೂ ಎದೆ ತಟ್ಟಿ ಹೇಳ್ತೀನಿ, ಬಸ್ಸಿಳಿದ ಜನ ನಿಂತು ನೋಡೋದು ಎಡಗಡೆ ಬಾಯನ್ನೇ. ಬಲಗಡೆಯದನ್ನ ಯಾರೂ ಕೇಳಲ್ಲ.

ಅವತ್ತು ನನ್ನ ಕೈಗೆ ಕೊಟ್ಟಿದ್ದು, ಮೊಲದ ಚಿತ್ರ ಇರೋ ಮಕ್ಕಳ ಬ್ರಷ್ಷು, ಒಂದು.