ಬೂದು ಕೋಟಿನ ಬೇಟೆ

ಈ ಕೇಸನ್ನು ನಾನೇ ಬಿಡಿಸುತ್ತೇನೆ, ಪೊಲೀಸರೂ ಬೇಡ, ಗಂಡಸರೂ ಬೇಡ ಎಂದು ಕಳೆದ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಘೋಷಣೆ ಮಾಡಿದೆ. ಮಾಡಿದ್ದು ಮಾಸಿದ ಹೊದಿಕೆಗಳ ರಾಶಿಯ ಮೇಲೆ ಕೈಯಿಟ್ಟು. ಕೇಳಿದ್ದು ನನ್ನ ಸೊಸೆ ಒಬ್ಬಳೇ. ಆದರೂ ಘೋಷಣೆ ಘೋಷಣೆಯೇ.

ನಮ್ಮದು ಲಾಂಡ್ರಿ. ಬಂದ ಬಟ್ಟೆಯ ಜೇಬು ತಡಕುವುದು, ಬಿದ್ದ ಗುಂಡಿ ಹೊಲಿಯುವುದು, ನಂಬರ್ ಬರೆದ ಬಟ್ಟೆ ಚೀಟಿಯನ್ನು ನಾಲ್ಕು ಹೊಲಿಗೆ ಹಾಕಿ ಕಾಲರಿಗೆ ಕೂರಿಸುವುದು ನನ್ನ ಇಲಾಖೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ ನಾನು ಒಂದು ಪುಟ ಮುಗಿಸುವಷ್ಟರಲ್ಲಿ ಕಥೆಯಲ್ಲಿ ಕೊಲೆಯಾದವನು ಮಣ್ಣಾಗಿ ಅಲ್ಲಿ ಹುಲ್ಲು ಹುಟ್ಟಿರುತ್ತದೆ. ಹಾಗಾಗಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸೊಸೆ ಪತ್ತೇದಾರಿ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಾಳೆ. ನಾನು ಹೊಲಿಯುತ್ತಾ ಕಿವಿಯಿಂದ ಓದುತ್ತೇನೆ.

ಆ ಕಾದಂಬರಿಗಳ ಪತ್ತೇದಾರಿ ಒಬ್ಬ ಹೆಂಗಸು. ಉದ್ದನೆಯ ಕಪ್ಪು ಕೋಟು, ಎತ್ತಿದ ಕಾಲರು, ಜೇಬಿನಲ್ಲಿ ಕೈ. ತೋಳಿಗೆ ಗುಂಡು ತಾಗಿದರೆ ಹಲ್ಲಿನಲ್ಲೇ ಕರವಸ್ತ್ರದ ಗಂಟು ಬಿಗಿದುಕೊಂಡು ಮೆಟ್ಟಿಲು ಹತ್ತುತ್ತಾಳೆ. ಅದೆಲ್ಲ ಇರಲಿ. ನಾನು ಮನಸೋತದ್ದು ಬೇರೆಯದಕ್ಕೆ. ಆಕೆ ಬಾಗಿಲು ದಾಟುವಾಗ "ಎಲ್ಲಿಗೆ ಹೊರಟೆ? ಎಷ್ಟೊತ್ತಿಗೆ ಬರ್ತೀಯಾ? ಇವತ್ತು ಏನು ಸಾರು?" ಎಂದು ಕೇಳುವವರಿಲ್ಲ. ಕಾಫಿ ಕುಡಿದ ಲೋಟವನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋಗುತ್ತಾಳೆ. ಹದಿನಾಲ್ಕು ಪುಸ್ತಕ ಕೇಳಿದ್ದೇನೆ, ಆಕೆ ಒಂದು ಲೋಟವನ್ನೂ ತೊಳೆದಿಲ್ಲ. ಇಂಥ ಧೀರೆ ಇನ್ನೆಲ್ಲಿ ಸಿಗಬೇಕು?

ಎರಡು ತಿಂಗಳ ಹಿಂದಿನವರೆಗೆ ಕೌಂಟರಿನಲ್ಲಿ ಕೂರುತ್ತಿದ್ದವರು ನಮ್ಮೆಜಮಾನರು. ಸೊಸೆ ಹಿಂದಿನ ಕೋಣೆಯಲ್ಲಿ ತೊಟ್ಟಿಯ ಮುಂದೆ ಸೋಪಿನ ನೀರಿನಲ್ಲಿ ನೆನೆಯುತ್ತಿದ್ದಳು. ಇವರಿಗೆ ಗಿರಾಕಿಗಳ ಮಾತು ಸರಿಯಾಗಿ ಕೇಳಿಸದೆ ರೇಷ್ಮೆಯನ್ನು ಕುದಿಸಿ, ಕಂಬಳಿಗೆ ಗಂಜಿ ಹಾಕುವ ಕಾಲ ಬಂದಾಗ ನಾನೇ ಜಗಳ ತೆಗೆದು ಇಬ್ಬರ ಜಾಗ ಅದಲುಬದಲು ಮಾಡಿಸಿದೆ. ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಒಂದೇ ಒಂದು ಬಟ್ಟೆ ಕಳೀಲಿ. ಅವತ್ತೇ ಆ ಕುರ್ಚಿ ನಂದು, ತೊಟ್ಟಿ ಅವಳದು."

ಕೌಂಟರಿಗೆ ಬಂದ ಮೇಲೆ ಸೊಸೆಯ ಬೆನ್ನು ನೆಟ್ಟಗಾಗಿದೆ, ದನಿ ಬಂದಿದೆ. ಅವಳು ಮತ್ತೆ ತೊಟ್ಟಿಗೆ ಹೋದರೆ ಅವಳ ದನಿಯೂ ಹೋಯಿತು, ನನ್ನ ಕಾದಂಬರಿಯೂ ಹೋಯಿತು.

ಈಗ ಕಳೆದಿದ್ದು ಗಣಿತದ ಮೇಷ್ಟ್ರ ಕೋಟು. ನಂಬರ್ ನಲವತ್ತೊಂದು, ಬೂದು ಬಣ್ಣ. ಮೇಷ್ಟ್ರು ಅವತ್ತೇ ನಿವೃತ್ತರಾಗುವವರು. ಸಂಜೆ ಐದಕ್ಕೆ ಶಾಲೆಯಲ್ಲಿ ಬೀಳ್ಕೊಡುಗೆ. ಮೂರಕ್ಕೆ ರಸೀದಿ ಹಿಡಿದು ಬಂದರು. ಸೊಸೆ ಸಾಲುಸಾಲು ಹುಡುಕಿ ಬೆವತು ಹೋದಳು.

"ನಾಲ್ಕೂವರೆಗೆ ಬರ್ತೀನಿ ಬಿಡಮ್ಮ" ಎಂದರು ಪಾಪ. "ಮೂವತ್ತು ವರ್ಷದಿಂದ ಅದನ್ನೇ ಹಾಕಿದೀನಿ. ಅದಿಲ್ಲದೆ ಹೋದ್ರೆ ಯಾರೋ ಹೊರಗಿನವರು ಬಂದಿದಾರೆ ಅಂತ ನನಗೇ ಹಿಂದಿನ ಸಾಲಿನ ಕುರ್ಚಿ ತೋರಿಸ್ತಾರೆ."

ಅವರು ಹೋದದ್ದೇ ಸೊಸೆ ಕೌಂಟರಿಗೆ ತಲೆಯಿಟ್ಟಳು. "ಮಾವ ನಾಲ್ಕೂವರೆಗೆ ನಿದ್ದೆಯಿಂದ ಏಳ್ತಾರೆ, ಅತ್ತೆ. ನಾನು ಈಗಲೇ ಹೋಗಿ ಸೋಪು ಕರಗಿಸಿಡ್ಲಾ?"

ಆಗಲೇ ನಾನು ಮೇಲಿನ ಘೋಷಣೆ ಮಾಡಿದ್ದು.

"ಇವತ್ತು ಗಂಟು ತಗೊಂಡು ಹೋದವರು ಯಾರು?"

"ನರ್ಸಮ್ಮ ಎರಡು ಸೀರೆ. ಫೋಟೋ ಸ್ಟುಡಿಯೋದವನು ದೊಡ್ಡ ಗಂಟು, ಪರದೆಗಳು."

"ಪರದೆಯೊಳಗೆ ಏನಿತ್ತು ಅಂತ ಬಿಚ್ಚಿ ನೋಡಿದ್ಯಾ?"

"ನಾನೇ ಕಟ್ಟಿದ್ದು ಅತ್ತೆ."

"ಎಲ್ಲ ಅಪರಾಧಿಗಳೂ ಹೀಗೇ ನಂಬಿಸೋದು" ಎಂದೆ. ಅದು ಏಳನೇ ಪುಸ್ತಕದ ಮಾತು. ಅಲ್ಲಿ ಇನ್ನೂ ಚೆನ್ನಾಗಿ ಕೂರುತ್ತದೆ.

ಬರಿಗೈಯಲ್ಲಿ ಹೋದರೆ ಯಾರು ಹೆದರುತ್ತಾರೆ? ವಾರಸುದಾರರಿಲ್ಲದ ಬಟ್ಟೆಗಳನ್ನು ನೇತುಹಾಕುವ ಕಂಬಿಯಲ್ಲಿ ಒಂದು ಉದ್ದನೆಯ ಕರೀ ಕೋಟು ತೂಗುತ್ತಿತ್ತು. ಮೊನ್ನೆ ನಮ್ಮೆಜಮಾನರು "ಇದಕ್ಕೆ ಚೀಟಿನೇ ಇಲ್ಲ, ಯಾವನದೋ" ಎಂದು ಗೊಣಗುತ್ತಾ ತಂದು ಹಾಕಿದ್ದು. ಏಪ್ರನ್ನಿನ ಮೇಲೇ ಅದನ್ನು ತೊಟ್ಟೆ. ಕಾಲರ್ ಎತ್ತಿದೆ. ಕೈ ಜೇಬಿಗೆ ಹೋದದ್ದೇ ಎಪ್ಪತ್ತೊಂದನೇ ವಯಸ್ಸಿನ ಮಂಡಿನೋವು ಮಾಯ. ಕುಡಿದ ಕಾಫಿ ಲೋಟವನ್ನು ಬೇಕೆಂದೇ ಅಲ್ಲೇ ಬಿಟ್ಟು ಹಿಂದಿನ ಬಾಗಿಲಿನಿಂದ ಬೀದಿಗಿಳಿದೆ.

ಸ್ಟುಡಿಯೋ ಎದುರಿನ ಸಾಲಿನಲ್ಲೇ ಇದೆ. ನೇರ ಹೋದರೆ ಮೂವತ್ತು ಹೆಜ್ಜೆ. ನಾನು ಸುಳಿವು ಸಿಗಬಾರದೆಂದು ಮೂರು ಬೀದಿ ಸುತ್ತಿ, ಔಷಧಿ ಅಂಗಡಿಯವನಿಗೆ "ನನ್ನನ್ನ ನೋಡಿಲ್ಲ ಅಂತ ಹೇಳು" ಎಂದು ತಾಕೀತು ಮಾಡಿ ತಲುಪುವಾಗ ನಾಲ್ಕು ಗಂಟೆ. ಪಕ್ಕದ ಕಿಟಕಿಯ ಗಾಜಿನಿಂದ ಇಣುಕಿದೆ. ಒಳಗೆ ದೀಪಗಳ ನಡುವೆ ನಮ್ಮೂರ ಬಸ್ ಕಂಡಕ್ಟರ್ ಬೂದು ಕೋಟು ತೊಟ್ಟು ನೆಟ್ಟಗೆ ಕೂತಿದ್ದಾನೆ!

ಬಾಗಿಲಿನಿಂದ ನುಗ್ಗಿದವಳೇ ಹಿಂದಿನಿಂದ ಅವನ ಕಾಲರ್ ಹಿಡಿದೆ. "ಅಲ್ಲಾಡಬೇಡ. ಆಟ ಮುಗೀತು."

ಅಷ್ಟರಲ್ಲಿ ಕ್ಯಾಮೆರಾ ಮಿಂಚಿತು. ನನ್ನ ಇನ್ನೊಂದು ಕೈ ಕೋಟಿನ ಬೆನ್ನನ್ನು ಹುಡುಕುತ್ತಾ ಹೋಗಿ ಅವನ ತೂತು ಬನಿಯನ್ನಿಗೆ ತಾಗಿತು. ಕೋಟಿಗೆ ಬೆನ್ನೇ ಇರಲಿಲ್ಲ. ಎದೆ, ಎರಡು ತೋಳು, ಹಿಂದೆ ಕಟ್ಟಲು ಎರಡು ಲಾಡಿ, ಅಷ್ಟೇ.

"ಅಜ್ಜಿ, ಅದು ಫೋಟೋ ಕೋಟು" ಎಂದ ಫೋಟೋದವನು. "ಮುಂದುಗಡೆ ಮಾತ್ರ ಇರೋದು. ದಪ್ಪಗಿರೋರಿಗೂ ಆಗುತ್ತೆ, ಸಣ್ಣಗಿರೋರಿಗೂ ಆಗುತ್ತೆ."

ಕಾದಂಬರಿಯ ಹೆಂಗಸು ಇಂಥ ಮಾತಿಗೆ ಸೋಲುವವಳಲ್ಲ. ನಾನೂ ಸೋಲಲಿಲ್ಲ. "ಗುರುತು ಸಿಗಬಾರದು ಅಂತ ಬೆನ್ನು ಕತ್ತರಿಸಿದೀಯಾ. ಎಲ್ಲಿ ಬಚ್ಚಿಟ್ಟಿದೀಯಾ ಹೇಳು."

"ಬೆನ್ನನ್ನ ಯಾರು ಬಚ್ಚಿಡ್ತಾರೆ ಅಜ್ಜಿ?"

"ನನ್ನ ಬೆನ್ನು ಬೀದಿಗೆಲ್ಲ ಕಾಣ್ತಿದೆ, ಬಾಗಿಲಾದ್ರೂ ಹಾಕಿ" ಎಂದ ಕಂಡಕ್ಟರ್, ಕೂತಲ್ಲಿಂದ ಅಲ್ಲಾಡದೆ. ಅಲ್ಲಾಡಬೇಡ ಎಂದಿದ್ದೆನಲ್ಲ, ಪಾಪ.

ಲಾಡಿ ಬಿಚ್ಚಿ, ಅರ್ಧ ಕೋಟನ್ನು ಸಾಕ್ಷಿಯೆಂದು ಕಂಕುಳಲ್ಲಿ ಇರುಕಿಕೊಂಡು ಹೊರಟೆ. ಹಿಂದೆ ಫೋಟೋದವನು, ಅವನ ಹಿಂದೆ ಬನಿಯನ್ನಿನ ಮೇಲೆ ಟವೆಲ್ ಹೊದ್ದ ಕಂಡಕ್ಟರ್. ಔಷಧಿ ಅಂಗಡಿಯವನು ಎದ್ದು ನಿಂತು "ನಾನು ನಿಮ್ಮನ್ನ ನೋಡಿಲ್ಲ ಅಜ್ಜಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಅಂಗಡಿಗೆ ಬಂದರೆ ನಮ್ಮೆಜಮಾನರು ಎದ್ದು ಬಂದಿದ್ದಾರೆ, ಮೇಷ್ಟ್ರೂ ಬಂದು ನಿಂತಿದ್ದಾರೆ. ಸೊಸೆ ಆಗಲೇ ಕುರ್ಚಿ ಬಿಟ್ಟು ಗೋಡೆಗೆ ಒರಗಿದ್ದಾಳೆ. ನಾನು ಅರ್ಧ ಕೋಟನ್ನು ಕೌಂಟರಿನ ಮೇಲೆ ಹರವಿದೆ.

"ಮೇಷ್ಟ್ರೇ, ಮುಂದಿನ ಭಾಗ ಸಿಕ್ಕಿದೆ. ಹಿಂದಿನದಕ್ಕೆ ಸ್ವಲ್ಪ ಸಮಯ ಕೊಡಿ."

ಮೇಷ್ಟ್ರು ಅದನ್ನು ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ನನ್ನ ಮೈಮೇಲಿತ್ತು. "ಅಜ್ಜಿ, ನೀವು ಹಾಕಿರೋದು ಚೆನ್ನಾಗಿದೆ. ಇದೊಂದು ಸಂಜೆಗೆ ಕೊಡ್ತೀರಾ? ಹೊತ್ತಾಯ್ತು."

ಮನಸ್ಸಿಲ್ಲದ ಮನಸ್ಸಿನಿಂದ ಕಳಚಿ ಕೊಟ್ಟೆ. ಅವರು ತೋಳು ತೂರಿಸಿದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಭುಜಕ್ಕೆ ಭುಜ ಕೂಡಿತು. ಒಳಗಿನ ಎಡಜೇಬಿಗೆ ಕೈಹಾಕಿದವರು ಹಾಗೇ ನಿಂತರು.

"ಇದು ಡಸ್ಟರ್ ಇಡೋಕೆ ನಾನೇ ದೊಡ್ಡದು ಮಾಡಿಸಿದ ಜೇಬು. ಆದ್ರೆ ನನ್ನ ಕೋಟು ಬೂದು..."

ಸೊಸೆ ಗೋಡೆಯಿಂದ ಮುಂದೆ ಬಂದಳು. ಕೋಟನ್ನಲ್ಲ, ನನ್ನ ಹೊಟ್ಟೆಯನ್ನು ನೋಡುತ್ತಿದ್ದಳು. "ಅತ್ತೆ, ನಿಮ್ಮ ಏಪ್ರನ್ನಿಗೆ ಯಾಕೆ ನಲವತ್ತೊಂದು ಅಂತ ಚೀಟಿ ಹೊಲಿದಿದೆ?"

ಬಗ್ಗಿ ನೋಡಿದೆ. ನಾಲ್ಕು ಹೊಲಿಗೆ, ನನ್ನದೇ ಕೈ. ಸೋಮವಾರ ಆ ಕೋಟು ನನ್ನ ಮಡಿಲಿನಲ್ಲಿದ್ದಾಗ ಕಥೆಯಲ್ಲಿ ಪತ್ತೇದಾರಿಣಿ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಿದ್ದಳು. ಆಕೆ ಹಾರಿದ ರಭಸಕ್ಕೆ ನನ್ನ ಸೂಜಿ ಕಾಲರು ಬಿಟ್ಟು ಏಪ್ರನ್ನಿಗೆ ಹಾರಿತ್ತು. ಚೀಟಿಯಿಲ್ಲದ ಕೋಟು ಹಿಂದಿನ ಕೋಣೆಗೆ ಹೋಗಿತ್ತು. ಕುರ್ಚಿ ಹೋದ ಸಿಟ್ಟನ್ನೆಲ್ಲ ತೊಟ್ಟಿಯಲ್ಲಿ ತೀರಿಸುವ ನಮ್ಮೆಜಮಾನರು ಅದನ್ನು ಮೂರು ಸಲ ಕುಕ್ಕಿ ಒಗೆದು, ಮೂವತ್ತು ವರ್ಷದ ಸೀಮೆಸುಣ್ಣದ ಪುಡಿಯನ್ನು ಮೋರಿಗೆ ಬಿಟ್ಟು, ಒಳಗಿದ್ದ ಕರೀ ಬಣ್ಣವನ್ನು ಹೊರಗೆ ತಂದಿದ್ದರು. ಮೇಷ್ಟ್ರಿಗೇ ತಮ್ಮ ಕೋಟು ಕಪ್ಪೆಂಬುದು ಮರೆತುಹೋಗಿತ್ತು.

ಎಲ್ಲರೂ ನಮ್ಮೆಜಮಾನರ ಕಡೆ ತಿರುಗಿದರು. ಅವರು ಕುರ್ಚಿಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಕೌಂಟರಿನಿಂದ ಏನೂ ಕಳೆದಿಲ್ಲ" ಎಂದರು ಕೊನೆಗೆ. "ಕೂತ್ಕೋ ಹೋಗಮ್ಮ. ನಿಮ್ಮತ್ತೆ ಹಿಂದಿನ ಬಾಗಿಲಿನಿಂದ ಸಾಗಿಸಿದ್ದಕ್ಕೆ ನೀನೇನು ಮಾಡೋಕಾಗುತ್ತೆ."

ಸೊಸೆ ಕುರ್ಚಿಗೆ ಮರಳಿದಳು. ಮೇಷ್ಟ್ರು ಹೊಳೆಯುವ ಕಪ್ಪಿನಲ್ಲಿ ಹತ್ತು ವರ್ಷ ಚಿಕ್ಕವರಾಗಿ ಶಾಲೆಗೆ ಹೊರಟರು. ಫೋಟೋದವನು ತನ್ನ ಅರ್ಧ ಕೋಟನ್ನೂ, ಇಡೀ ಕಂಡಕ್ಟರನನ್ನೂ ಕರೆದುಕೊಂಡು ಹೋದ. ನಾನು ಸ್ಟೂಲಿನ ಮೇಲೆ ಕೂತು ಏಪ್ರನ್ನಿನ ಹೊಲಿಗೆ ಬಿಚ್ಚತೊಡಗಿದೆ. ಬಿಚ್ಚಿದಷ್ಟೂ ನಾಚಿಕೆ.

"ಬೇಜಾರು ಮಾಡ್ಕೋಬೇಡಿ ಅತ್ತೆ" ಎಂದಳು ಸೊಸೆ, ರಿಜಿಸ್ಟರಿನಿಂದ ತಲೆಯೆತ್ತದೆ. "ಪುಸ್ತಕದಲ್ಲಿ ಆಕೆಗೆ ಕಳ್ಳನನ್ನ ಹಿಡಿಯೋಕೆ ಇನ್ನೂರು ಪುಟ ಬೇಕು. ನೀವು ಒಂದೂವರೆ ಗಂಟೇಲಿ ಕಳ್ಳಿಯನ್ನ ಮಾಲು ಸಮೇತ ಅಂಗಡಿಗೇ ನಡೆಸಿಕೊಂಡು ಬಂದ್ರಿ."