ನಾಲ್ಕು ನಿಮಿಷದ ಉರುಟು

ನನ್ನ ಕೆಲಸ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಅಲುಗಾಡಿಸುವುದು. ಅದರಲ್ಲೂ ಕಥೆ, ಮನುಷ್ಯರು ಯಾವುದೂ ಇಲ್ಲದ ಚಿತ್ರ ಮಾಡ ಹೊರಟವನಿಗೆ ಇನ್ನು ಹೇಳುವಂಥದ್ದೆಲ್ಲ ಆಗದೆ ಬೇರೇನು ಆಗ್ತದೆ?

ದೋಸೆ

ನನ್ನ ಅಪ್ಪ ಬಂದರಿನಲ್ಲಿ ಮೀನಿನ ಏಲಂ ಕೂಗುತ್ತಿದ್ದವರು. ಸ್ಟ್ರೋಕ್ ಆಗಿ ಮಾತು ಹೋಯಿತು. ಉಳಿದದ್ದು ಒಂದೇ ತುಳು ಶಬ್ದ, 'ಬಲ'. ಅಂದರೆ ಬಾ. ನೀರು ಬೇಕಾದರೂ ಬಲ, ಸಿಟ್ಟು ಬಂದರೂ ಬಲ.

ಅದನ್ನೇ ಚಿತ್ರ ಮಾಡೋಣ ಅನ್ನಿಸಿತು. ಒಂದು ಕಿತ್ತಳೆ ಬಣ್ಣದ ವೃತ್ತ. ಏನೇನೋ ಆಗಲು ಹೆಣಗುತ್ತದೆ, ಪ್ರತಿ ಸಲವೂ ಸೋತು, ಅಪ್ಪನ ಮಾತಿನ ಹಾಗೆ, ಮೊದಲಿನ ವೃತ್ತವೇ ಆಗುತ್ತದೆ. ಆ ವೃತ್ತ ಸರಿಯಾಗಿ ನಡುಗಬೇಕಲ್ಲ, ಹತ್ತು ದಿನ ಅದರಲ್ಲೇ ಕಳೆದೆ. ಅಮ್ಮ ಹಿಂದೆ ಬಂದು ನಿಂತರು.

"ಹತ್ತು ದಿನದಿಂದ ಇದೊಂದೇ ಮಾಡ್ತಾ ಇದ್ದೀಯಾ?"

"ಹೌದಮ್ಮ."

"ಅಷ್ಟರಲ್ಲಿ ನಾನು ನೂರು ದೋಸೆ ಹೊಯ್ದೆ. ಎಲ್ಲವೂ ಉರುಟೇ."

ಮೈಕ್

ಚಿತ್ರಕ್ಕೆ ಏಲಂನ ಗದ್ದಲ ಬೇಕಿತ್ತು. ಬೆಳಿಗ್ಗೆ ಬಂದರಿಗೆ ಹೋದೆ. ಅಪ್ಪನ ಜಾಗದಲ್ಲಿ ಈಗ ಕೂಗುವವರು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ನನ್ನ ಮೈಕ್ ಕಂಡದ್ದೇ ತಡ, ಅಂಗಿ ಸರಿಮಾಡಿಕೊಂಡು, "ನಮಸ್ಕಾರ ವೀಕ್ಷಕರೇ, ನಮ್ಮ ಮುಂದೆ ತಾಜಾ ಬಂಗುಡೆಗಳು ಶೋಭಿಸುತ್ತಿವೆ" ಎಂದು ಶುರು ಮಾಡಿದರು.

ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸು ನನ್ನತ್ತ ತಿರುಗಿದಳು. "ಅದನ್ನು ಚೀಲದ ಒಳಗೆ ಹಾಕಿ ಮಾರಾಯ್ರೆ. ಇವರ ಭಾಷಣ ಮುಗಿಯುವಾಗ ಮೀನು ಒಣಮೀನು ಆಗ್ತದೆ."

ಮೊದಲ ಪ್ರೇಕ್ಷಕ

ಚಿತ್ರ ಮುಗಿದಾಗ ದೇರೆಬೈಲಿನ ನಮ್ಮ ಮನೆಯ ಟಿವಿಯಲ್ಲೇ ಅಪ್ಪನಿಗೆ ತೋರಿಸಿದೆ. ನಾಲ್ಕು ನಿಮಿಷ ಅವರ ಕಣ್ಣು ಅಲ್ಲಾಡಲಿಲ್ಲ. ಕೊನೆಗೆ ತುಟಿ ನಡುಗಿತು, ಕೈ ಮೆಲ್ಲ ಮೇಲೆದ್ದಿತು.

"ಬಲ," ಎಂದರು ಅಪ್ಪ.

ನಾನು ಹೋಗಿ ಕೈ ಹಿಡಿದುಕೊಂಡೆ. ಅವರು ಕೊಸರಿಕೊಂಡು ರಿಮೋಟಿನತ್ತ ಬೆರಳು ಮಾಡಿದರು. ಕ್ರಿಕೆಟ್ ಶುರುವಾಗಿತ್ತು.

ಮದುವೆ ಹಾಲ್

ಅದೇ ವರ್ಷ ಅಪ್ಪ ತೀರಿಹೋದರು. ಸ್ಪರ್ಧೆಗಳಿಗೆ ಕಳಿಸಿದ ಚಿತ್ರಕ್ಕೆ ಎಲ್ಲಿಂದಲೂ ಉತ್ತರ ಬರಲಿಲ್ಲ. ಮರುವರ್ಷ ಸಂಬಂಧಿಕರ ಮದುವೆಗೆ ಹೋದರೆ, ವೇದಿಕೆಯ ದೊಡ್ಡ ಪರದೆಯಲ್ಲಿ ವಧೂವರರ ಹಿಂದೆ ನನ್ನ ವೃತ್ತ ಹೆಣಗುತ್ತಿತ್ತು! ಪರದೆಯ ವ್ಯವಸ್ಥೆ ನನ್ನ ಸ್ನೇಹಿತನದ್ದು. ನೋಡಿ ಹೇಳು ಎಂದು ಚಿತ್ರವನ್ನು ಹಿಂದೊಮ್ಮೆ ನಾನೇ ಅವನಿಗೆ ಕೊಟ್ಟಿದ್ದೆ.

"ಎಂತ ಮಾರಾಯ ಇದು? ಅದು ನನ್ನ ಅಪ್ಪನ ಚಿತ್ರ!"

"ಗೊತ್ತುಂಟು. ಜನರಿಗೆ ಭಾರೀ ಇಷ್ಟ ಆಗಿದೆ, ಇದು ಏಳನೇ ಮದುವೆ. ಕೊನೆಗೆ ವೃತ್ತ ಸತ್ತು ಪರದೆ ಕಪ್ಪಾಗ್ತದಲ್ಲ, ಅದಕ್ಕೆ ಮಾತ್ರ ಫೋಟೋದವನು ಬೈದ. ಕತ್ತರಿಸಿ ತೆಗೆದೆ, ಉಳಿದದ್ದು ಸುತ್ತಿ ಸುತ್ತಿ ಓಡ್ತಾ ಇರ್ತದೆ." ಅವನು ನನ್ನ ಹೆಗಲು ತಟ್ಟಿದ. "ನೀನು ಮಂಡೆಬಿಸಿ ಮಾಡ್ಬೇಡ. ಈಗ ಊಟ ಮುಗಿಯುವವರೆಗೆ ಅಪ್ಪ ಸಾಯುವುದಿಲ್ಲ."