ಆದಮ್ಮನ ಮಜ್ಜಿಗೆ ಗಡಿಗೆ

ಬೆಣ್ಣೆಯ ಆಸೆಗೆ ಬಿದ್ದು ಕೆಟ್ಟವರ ಸಾಲಿಗೆ ಮಸ್ಕಿಯ ಗಿಡ್ಡಪ್ಪನೂ ಸೇರಿದ. ಅವನ ಅವ್ವ ಆದಮ್ಮ ಕಣ್ಣು ತೋರಿಸಿಕೊಳ್ಳಲು ಸೊಸೆ ರೇಣುಕಮ್ಮನನ್ನು ಕರೆದುಕೊಂಡು ಮುಂಜಾನೆಯ ಬಸ್ಸಿಗೆ ಸಿಂಧನೂರಿಗೆ ಹೋಗಿದ್ದಳು. ಮನೆಯಲ್ಲಿ ಯಾರೂ ಇಲ್ಲ, ನೆಲುವಿನಲ್ಲಿ ಬೆಣ್ಣೆ ತೂಗುತ್ತಿದೆ. ಗಿಡ್ಡಪ್ಪ ಸ್ಟೂಲು ಹತ್ತಿ, ತುದಿಗಾಲಲ್ಲಿ ನಿಂತು, ಕೈ ಚಾಚಿದ. ಬೆಣ್ಣೆ ಸಿಕ್ಕಿತು. ಆದರೆ ಮೊಣಕಾಲು ತಾಗಿ ಗೂಡಿನಲ್ಲಿದ್ದ ಮಜ್ಜಿಗೆ ಗಡಿಗೆ ನೆಲಕ್ಕೆ ಬಿದ್ದು ಚೂರಾಯಿತು.

ಅದು ಅಂತಿಂಥ ಗಡಿಗೆಯಲ್ಲ. ಆದಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಅದರ ವಿಷಯದಲ್ಲಿ ಆಕೆ ಯಾವತ್ತೋ ಹೇಳಿಬಿಟ್ಟಿದ್ದಳು: “ಈ ಗಡಿಗಿ ಒಡದ ದಿನ ನಾ ಸಾಲಗುಂದಕ್ಕ ಮಗಳ ಮನಿಗೆ ಹೊಂಟೆ. ನನ್ನ ಎಮ್ಮಿನೂ ನನ್ನ ಹಿಂದ ಬರ್ತದ.” ಬಸ್ ನಿಲ್ದಾಣದ ಎದುರಿಗಿದ್ದ ಗಿಡ್ಡಪ್ಪನ ಚಹಾದಂಗಡಿ ನಿಂತಿದ್ದೇ ಆ ಎಮ್ಮೆಯ ಹಾಲಿನ ಮೇಲೆ. ಅವ್ವ ಹೋದರೆ ಹಬ್ಬಕ್ಕಾದರೂ ಬರುತ್ತಾಳೆ, ಎಮ್ಮೆ ಬರುವುದಿಲ್ಲ.

ಬೆಣ್ಣೆಗೈಯಲ್ಲೇ ಚೂರುಗಳನ್ನು ಗೊಬ್ಬರದ ಚೀಲಕ್ಕೆ ತುಂಬಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಪಕ್ಕದ ಮನೆಯ ದಾವಲ್‌ಬೀ ಅಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ಆಕೆಗೆ ತಿಳಿಯದೆ ಆ ಓಣಿಯಲ್ಲಿ ಬೆಕ್ಕು ಕೂಡ ಮರಿ ಹಾಕುವಂತಿರಲಿಲ್ಲ. ಚೀಲದಲ್ಲೇನು ಎಂದಳು. ಮೂಲಂಗಿ ಎಂದ. ಮೂಲಂಗಿ ಹೀಗೆ ಖಣಖಣ ಅನ್ನುತ್ತದೆಯೇ ಎಂದಳು. ಬಿಸಿಲಿಗೆ ಒಣಗಿದೆ ಎಂದು ಹೇಳಿ ಓಡಿದ.

ಹಳ್ಳಕ್ಕೆ ಎಸೆಯೋಣವೆಂದರೆ ಅಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಗುರುತಿನವರೇ. ಕಸದ ಗಾಡಿಗೆ ಹಾಕೋಣವೆಂದರೆ ಗಾಡಿಯವನು ಹಸಿ ಕಸವೋ ಒಣ ಕಸವೋ ಬಿಚ್ಚಿ ತೋರಿಸು ಎಂದು ಪಟ್ಟು ಹಿಡಿದ.

ಆಗ ಗಿಡ್ಡಪ್ಪನಿಗೆ ಗುಡ್ಡದ ಬುಡ ನೆನಪಾಯಿತು. ಪುರಾತತ್ವ ಓದಿದ ಲಿಂಗಸುಗೂರಿನ ಮೆಹನಾಜ್ ಮೇಡಂ ಅಲ್ಲಿ ಒಂದು ತಿಂಗಳಿನಿಂದ ನೆಲ ಅಗೆಸುತ್ತಿದ್ದರು. ಸಿಕ್ಕ ಹಳೆಯ ಗಡಿಗೆ ಚೂರುಗಳನ್ನು ಚಾಪೆಗಳ ಮೇಲೆ ರಾಶಿ ರಾಶಿಯಾಗಿ ಹರವಿದ್ದರು. ಒಡೆದ ಗಡಿಗೆಯನ್ನು ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಎಲ್ಲಿದ್ದೀತು? ಕೆಲಸದವರು ನಾಷ್ಟಾಕ್ಕೆ ಕೂತಾಗ ಚೀಲ ಸುರಿದು, ಮೇಲಿಷ್ಟು ಮಣ್ಣು ಉದುರಿಸಿ ಅಂಗಡಿಗೆ ಬಂದ. ಗಡಿಗೆ ಕಳುವಾಯಿತು ಎಂದರಾಯಿತು. ತನ್ನ ಬುದ್ಧಿಗೆ ತಾನೇ ಮೆಚ್ಚಿ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದ.

ಸಂಜೆ ಬಸ್ಸಿಳಿದ ಅತ್ತೆ ಸೊಸೆ ಇಬ್ಬರನ್ನೂ ದಾವಲ್‌ಬೀ ನೇರ ಮನೆಗೆ ಹೋಗಗೊಡಲಿಲ್ಲ. ಅಗೆದದ್ದನ್ನು ಮೇಡಂ ಊರಿಗೆಲ್ಲ ತೋರಿಸುತ್ತಾರಂತೆ ಎಂದು ಎಳೆದುಕೊಂಡೇ ಹೋದಳು. ಗಿಡ್ಡಪ್ಪ ಒಲೆ ಆರಿಸಿ ಹಿಂದೆ ಓಡಿದ.

ಅಲ್ಲಿ ಮರಳು ತುಂಬಿದ ಬುಟ್ಟಿಯಲ್ಲಿ, ಚೂರಿಗೆ ಚೂರು ಕೂಡಿಕೊಂಡು, ಅವ್ವನ ಗಡಿಗೆ ಕೂತಿತ್ತು.

“ಇದು ಹಳೇದಲ್ಲ. ಯಾರೋ ಇವತ್ತ ತಂದು ಸುರವ್ಯಾರ,” ಅಂದರು ಮೇಡಂ. “ಒಳ್ಳೇದಾತು. ನಾವು ಹೆಂಗ ಪತ್ತೆ ಹಚ್ತೀವಿ ಅಂತ ನಿಮಗ ತೋರ್ಸಾಕ ಬಂತು.”

ಒಡೆದ ಅಂಚು ಹೊಸದು, ಮಣ್ಣು ಮೇಲುಮೇಲೆ ಮಾತ್ರ ಅಂಟಿದೆ, ಒಳಗಿನ್ನೂ ಮಜ್ಜಿಗೆಯ ವಾಸನೆ ಎಂದು ಒಂದೊಂದಾಗಿ ತೋರಿಸಿದರು. ಕೊನೆಗೆ ಒಂದು ಚೂರು ಎತ್ತಿ ಹಿಡಿದರು. ಅದರ ಮೇಲೆ ಬೆಣ್ಣೆಯಲ್ಲಿ ಮೂಡಿದ ಹೆಬ್ಬೆರಳ ಗುರುತಿತ್ತು. “ಒಡದಾಂವ ಬೆಣ್ಣಿ ತಿನ್ನಾಕತ್ತಿದ್ದ. ಬೆರಳು ಮೋಟು, ನಡುವ ಸುಟ್ಟ ಕಲಿ ಅದ. ದಿನಾ ಬಿಸಿ ಪಾತ್ರಿ ಹಿಡಿಯಾಂವ ಇರಬೇಕು.”

ಗಿಡ್ಡಪ್ಪ ಕೈಯನ್ನು ಜೇಬಿಗೆ ಇಳಿಸಿದ. ಅಷ್ಟರಲ್ಲಿ ಊರೆಲ್ಲ ಆ ಜೇಬನ್ನೇ ನೋಡುತ್ತಿತ್ತು. ದಾವಲ್‌ಬೀ ಮೂಲಂಗಿಯ ಮಾತು ತೆಗೆದಳು. ಆದಮ್ಮ ಸೆರಗು ಬಿಗಿದುಕೊಂಡು ಎದ್ದಳು.

“ಕೂಡ್ರಿ ಅಮ್ಮ, ಇನ್ನ ಮುಗದಿಲ್ಲ,” ಅಂದರು ಮೇಡಂ. ನೆಲದಲ್ಲಿ ಪದರಗಳಿರುವ ಹಾಗೆ ಈ ಗಡಿಗೆಯಲ್ಲೂ ಇವೆಯಂತೆ. ಮೇಲಿನದು ಇವತ್ತಿನ ಒಡಕು. ಅದಕ್ಕೂ ಮುಂಚೆ ಒಂದು ಸಲ ಹೊಟ್ಟೆ ಸೀಳಿತ್ತು. ಯಾರೋ ಎಂ-ಸೀಲ್ ಮೆತ್ತಿ, ಕಾಣಬಾರದೆಂದು ಮೇಲೆ ಮಸಿ ತಿಕ್ಕಿದ್ದಾರೆ. ರೇಣುಕಮ್ಮ ಇದ್ದಕ್ಕಿದ್ದಂತೆ ಆಕಾಶ ನೋಡತೊಡಗಿದಳು. ಆದಮ್ಮನ ಕಣ್ಣು ಸೊಸೆಯ ಮೇಲೆ ಹೊರಳಿತು. ಅದಕ್ಕೂ ಹಿಂದಿನದು ಕಂಠದ ಬಿರುಕು ಎಂದು ಮೇಡಂ ಮುಂದುವರಿಸಿದರು. ಅದಕ್ಕೆ ಅರಗು ಕಾಯಿಸಿ ಹಚ್ಚಿದ್ದಾರೆ. ಎಂ-ಸೀಲ್ ಅರಗಿನ ಮೇಲೆ ಕೂತಿರುವುದರಿಂದ ಅರಗೇ ಹಳೆಯದು, ಅದು ಸವೆದಿರುವುದು ನೋಡಿದರೆ ಈ ಸೊಸೆ ಹುಟ್ಟುವ ಮೊದಲಿನದು. ಆಗ ಆ ಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದವಳು ಆದಮ್ಮ ಒಬ್ಬಳೇ. ಎದ್ದು ನಿಂತಿದ್ದ ಆದಮ್ಮ ಮೆಲ್ಲಗೆ ಕೂತಳು.

ಗಿಡ್ಡಪ್ಪನಿಗೆ ಹೋದ ಜೀವ ಬಂತು. “ಮೂರೂ ಮಂದಿ ಒಡದೇವಲ್ಲವ್ವ. ಇನ್ನ ಯಾರು ಯಾರಿಗೆ ಏನ ಅನ್ನೂದು?”

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಉಪ್ಪು ಖಾರದ ವಿಷಯಕ್ಕೂ ಕೂಡದಿದ್ದ ಆ ಇಬ್ಬರೂ ಅವತ್ತು ಒಂದಾದರು.

“ನಾನೂ ಒಡದೆ, ಈಕಿನೂ ಒಡದ್ಲು,” ಅಂದಳು ಆದಮ್ಮ. “ಒಡದಿದ್ದನ್ನ ಹಚ್ಚಿ ಮನ್ಯಾಗ ಇಟ್ಕೊಂಡ್ವಿ. ನೀ ಒಬ್ಬಾಂವ ಒಯ್ದು ಮಣ್ಣು ಮಾಡಿದಿ.”

ಕತ್ತಲಾಗುವ ಮೊದಲೇ ಎಮ್ಮೆ ಬಾಡಿಗೆ ಗಾಡಿ ಹತ್ತಿತು, ಒಮ್ಮೆಯೂ ತಿರುಗಿ ನೋಡಲಿಲ್ಲ. ಅದರ ಜೊತೆಗೆ ಆದಮ್ಮನೂ ಹತ್ತಿದಳು, ಆದಮ್ಮನ ಜೊತೆಗೆ ರೇಣುಕಮ್ಮನೂ ಹತ್ತಿದಳು. ಗಡಿಗೆ ಮೊದಲಿನಂತೆ ಆದ ದಿನ ಬರುತ್ತಾರಂತೆ.

ಈಗ ಗಿಡ್ಡಪ್ಪನ ಅಂಗಡಿಯಲ್ಲಿ ಹಾಲಿಲ್ಲದ ಚಹಾ. ಗಿರಾಕಿಗಳಿಲ್ಲದ ಹೊತ್ತೇ ಹೆಚ್ಚಾದ್ದರಿಂದ ಮೇಡಂ ವಾಪಸು ಕೊಟ್ಟ ಚೂರುಗಳಿಗೆ ಎಂ-ಸೀಲ್ ಮೆತ್ತುತ್ತ ಕೂತಿರುತ್ತಾನೆ, ದಾವಲ್‌ಬೀ ಪಕ್ಕದಲ್ಲಿ ನಿಂತು ತಪ್ಪು ಹುಡುಕುತ್ತಿರುತ್ತಾಳೆ. ಒಂದನ್ನು ಬಿಟ್ಟು ಎಲ್ಲ ಚೂರುಗಳೂ ಕೂತಿವೆ. ಅದು ಬೆಣ್ಣೆಯ ಬೆರಳಿರುವ ಚೂರು. ಹುಡುಗರಿಗೆ ಪಾಠ ಮಾಡಲು ಬೇಕೆಂದು ಮೇಡಂ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ.